ಒನಕೆಯ ಉಳಿದ ದಿನಗಳು



ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಯಾವ ಮಗುವನ್ನು ನಿಲ್ಲಿಸಿ ಕೇಳಿದರೂ ಓಬವ್ವನ ಕಥೆ ಹೇಳುತ್ತದೆ. ಹೈದರಾಲಿಯ ಮುತ್ತಿಗೆ, ಬಂಡೆಗಳ ನಡುವಿನ ಕಿಂಡಿ, ಊಟಕ್ಕೆ ಕೂತ ಕಾವಲುಗಾರ, ನೀರಿಗೆಂದು ಹೋದ ಅವನ ಹೆಂಡತಿ, ಕೈಗೆ ಸಿಕ್ಕ ಒನಕೆ. 1972ರಲ್ಲಿ ‘ನಾಗರಹಾವು’ ಚಿತ್ರ ಬಂದ ಮೇಲಂತೂ ಓಬವ್ವ ಎಂದರೆ ಜಯಂತಿಯವರ ಮುಖವೇ ಕಣ್ಣಿಗೆ ಕಟ್ಟುತ್ತದೆ. ಅದು ಸರಿಯೇ. ಆದರೆ ನನಗೆ ಬಹಳ ದಿನದಿಂದ ಒಂದು ಕುತೂಹಲ. ಆ ಒನಕೆ ಅದರ ಹಿಂದಿನ ದಿನ ಏನು ಮಾಡುತ್ತಿತ್ತು? ಅದರ ಹಿಂದಿನ ವರ್ಷ?

ಕುಟ್ಟುತ್ತಿತ್ತು, ಅಷ್ಟೇ. ರಾಗಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ಮಿಲ್ಲು ಬಂದ ಮೇಲೆ ಹುಟ್ಟಿದವರಿಗಾಗಿ ಹೇಳುತ್ತೇನೆ. ನಮ್ಮ ಹೊಸದುರ್ಗದ ಕಡೆ ಬೆಳೆಯುವ ಸಾವೆಯನ್ನೇ ತಗೊಳ್ಳಿ. ಸಣ್ಣ ಕಾಳು, ಮೈಗೆ ಅಂಟಿಕೊಂಡ ಹೊಟ್ಟು. ಮೊದಲು ಬೀಸುವ ಕಲ್ಲಿಗೆ ಹಾಕಿ ಮೇಲಿನ ಹೊಟ್ಟು ಬಿಡಿಸಬೇಕು. ಮೊರದಲ್ಲಿ ಕೇರಬೇಕು. ಆಮೇಲೆ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಬೇಕು. ಮತ್ತೆ ಕೇರಬೇಕು, ಮತ್ತೆ ಕುಟ್ಟಬೇಕು. ಇಷ್ಟಾದ ಮೇಲೆ ಒಂದು ಹೊತ್ತಿನ ಅನ್ನಕ್ಕಾಗುವಷ್ಟು ಅಕ್ಕಿ. ಕೋಟೆಯಲ್ಲಿ ಎಷ್ಟು ಸಾವಿರ ಬಾಯಿಗಳಿದ್ದವೋ ಅಷ್ಟಕ್ಕೂ ದಿನಾ ಹೀಗೆ ಯಾರೋ ಕುಟ್ಟಿದ್ದಾರೆ. ಒನಕೆಯ ಒಂದು ಮಧ್ಯಾಹ್ನ ನಮ್ಮ ಚರಿತ್ರೆಗೆ ಸೇರಿತು. ಅದರ ಉಳಿದ ದಿನಗಳು ಯಾವ ಪುಸ್ತಕಕ್ಕೆ ಸೇರಿದವು? ಇವತ್ತಿನ ನನ್ನ ಮಾತು ಇದರ ಮೇಲೆ. ಕಥೆ, ಕಾದಂಬರಿ, ಕವನ ಬಿಟ್ಟು, ಸಮಾಜ, ಇತಿಹಾಸ, ನಿತ್ಯದ ದುಡಿಮೆ ಇವುಗಳ ಬಗ್ಗೆ ಬಂದಿರುವ ಪುಸ್ತಕಗಳನ್ನು ಮಾಡದಕೆರೆಯಂಥ ಒಂದು ಹೋಬಳಿಯ ಊರಿನಲ್ಲಿ ಕೂತು ಓದಿದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ನೋಡೋಣ.

ಕೋಟೆಗೆ ಪುಸ್ತಕದ ಬಡತನವಿಲ್ಲ. ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರಾಗಿದ್ದ ಎಂ.ಎಸ್. ಪುಟ್ಟಣ್ಣನವರು 1920ರ ದಶಕದಲ್ಲೇ ಚಿತ್ರದುರ್ಗದ ಪಾಳೆಯಗಾರರ ಮೇಲೆ ಪುಸ್ತಕ ಬರೆದರು. ಹುಲ್ಲೂರು ಶ್ರೀನಿವಾಸ ಜೋಯಿಸರು ಓಲೆ, ಕಡತ, ಶಾಸನ ಹುಡುಕುತ್ತ ಆಯುಷ್ಯ ಕಳೆದರು. ಲಕ್ಷ್ಮಣ ತೆಲಗಾವಿ, ಬಿ. ರಾಜಶೇಖರಪ್ಪ ಅವರಂಥ ಸಂಶೋಧಕರು ಅದೇ ದಾರಿಯಲ್ಲಿ ಮುಂದೆ ಹೋದರು. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕಾದಂಬರಿಯಾದರೂ ನಮ್ಮ ಜನ ಅದನ್ನು ಇತಿಹಾಸವೆಂದೇ ಓದುತ್ತಾರೆ. 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಬರೆದವರೇ ಇರಲಿಲ್ಲ. ಇವರೆಲ್ಲರಿಗೂ ನಾವು ಋಣಿಗಳು. ಆದರೂ ಕೋಟೆಗೆ ಹೋದಾಗ ಒಂದು ಗಮನಿಸಿ. ಮದ್ದು ಅರೆಯುತ್ತಿದ್ದ ಭಾರಿ ಬೀಸುಗಲ್ಲುಗಳು ಇವತ್ತಿಗೂ ಅಲ್ಲಿವೆ. ಗೈಡು ಅವುಗಳ ಪಕ್ಕ ನಿಂತು ಮದಕರಿ ನಾಯಕನ ಹೆಸರು ಹೇಳುತ್ತಾನೆ. ಆ ಕಲ್ಲು ತಿರುಗಿಸಿದ ಪ್ರಾಣಿಗಳಿಗೆ ಮೇವು ಹಾಕಿದವರು ಯಾರು, ಮದ್ದಿನ ಗಂಧಕದ ಘಾಟು ಯಾರ ಮೂಗಿಗೆ ಹತ್ತಿತು ಎಂದು ಕೇಳುವ ರೂಢಿ ನಮಗಿಲ್ಲ.

ಹಾಗೆಂದು ದುಡಿದವರ ಗುರುತು ಪೂರ್ತಿ ಅಳಿಸಿಹೋಗಿದೆ ಎಂದಲ್ಲ. ಈ ಜಿಲ್ಲೆಯ ಹಳೆಯ ಬರಹದಲ್ಲೇ ಒಬ್ಬ ನೌಕರನ ಹೆಸರಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ, 1892ರಲ್ಲಿ ಶಾಸನ ಸಂಶೋಧಕ ಬಿ.ಎಲ್. ರೈಸ್ ಅವರ ಕಣ್ಣಿಗೆ ಬಿದ್ದದ್ದು. ಸಾಮ್ರಾಟನ ಆಜ್ಞೆಯೆಲ್ಲ ಬ್ರಾಹ್ಮಿ ಲಿಪಿಯಲ್ಲಿ ಬರೆದು ಮುಗಿದ ಮೇಲೆ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ, ಲಿಪಿಕಾರ ಎಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ದೇಶದ ಲಿಪಿ, ಗಾಂಧಾರದ ಕಡೆಯದು. ಅಲ್ಲಿಂದ ಬಂದನೋ, ಅಲ್ಲಿ ಕಲಿತನೋ, ಅಂತೂ ಇಷ್ಟು ದೂರದ ಬಂಡೆಯ ಮೇಲೆ ತಾನು ಕಲಿತದ್ದನ್ನು ತೋರಿಸದೆ ಬಿಡಲಿಲ್ಲ. ಬಂಡೆ ಕಡಿದ ಉಳಿಯವನ ಹೆಸರು ಅಲ್ಲಿಲ್ಲ, ಬರೆದವನದು ಇದೆ. ಅಕ್ಷರ ಬಂದವನಿಗೆ ಸಿಕ್ಕ ಅನುಕೂಲ ಅದು. ಇವತ್ತಿಗೂ ಹಾಗೆಯೇ.

ಈಗ ನಮ್ಮ ತಾಲ್ಲೂಕಿಗೇ ಬರೋಣ. ಹೊಸದುರ್ಗ ತಾಲ್ಲೂಕಿನ ದುಡಿಮೆಯ ಬಗ್ಗೆ ನನಗೆ ಸಿಕ್ಕ ಹಳೆಯ, ವಿವರವಾದ ಬರಹ ಕನ್ನಡದ್ದಲ್ಲ. ಬರೆದಾತ ಸ್ಕಾಟ್ಲೆಂಡಿನ ಒಬ್ಬ ವೈದ್ಯ, ಫ್ರಾನ್ಸಿಸ್ ಬುಕನನ್. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ ಎಂದು ನೋಡಿ ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಈತನನ್ನು ಕಳಿಸಿದ. 1800ರ ಏಪ್ರಿಲ್‌ನಲ್ಲಿ ಮದರಾಸು ಬಿಟ್ಟ ಬುಕನನ್ ಮೈಸೂರು, ಮಲಬಾರು, ಕೆನರಾ ಸುತ್ತಿ 1801ರಲ್ಲಿ ಚಿತ್ರದುರ್ಗ, ಹಿರಿಯೂರಿನ ಮೂಲಕ ನಮ್ಮ ಮತ್ತೋಡಿಗೆ ಬಂದ. ಆತನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ 3 ದಪ್ಪ ಸಂಪುಟಗಳಾಗಿ ಅಚ್ಚಾಯಿತು.

ಮತ್ತೋಡಿನಲ್ಲಿ ಆತ ನೋಡಿದ್ದು ಬಳೆ. ಗಾಜಿನ ಬಳೆ. ಇವತ್ತು ಮತ್ತೋಡಿನ ಹುಡುಗಿಯರು ಹೊಸದುರ್ಗದ ಅಂಗಡಿಯಲ್ಲಿ ಕೊಳ್ಳುವ ಬಳೆ ಬಹುಪಾಲು ಉತ್ತರ ಪ್ರದೇಶದ ಫಿರೋಜಾಬಾದಿನಿಂದ ಬಂದದ್ದು. ಆಗ ಮತ್ತೋಡಿನಲ್ಲೇ ಗಾಜು ಕರಗುತ್ತಿತ್ತು. ಊರ ಕೋಟೆಗೋಡೆಯ ಒಳಮೈಗೆ ಒತ್ತಿ ಎತ್ತರದ ಜಗಲಿ ಕಟ್ಟಿ, ಅದರೊಳಗೆ ಗುಮ್ಮಟದಂಥ ಕುಲುಮೆ. ಗೋಡೆಯ ಹೊರಗಡೆಯಿಂದ ಒಂದು ಕಿಂಡಿಯಲ್ಲಿ ಸೌದೆ ತುರುಕುವುದು, ಒಳಗಡೆ ಜಗಲಿಯ ಮೇಲೆ ಇನ್ನೊಂದು ಕಿಂಡಿಯಲ್ಲಿ ಮೂಸೆ ಇಡುವುದು, ತೆಗೆಯುವುದು. ಬೇಕಾದ ಸಾಮಗ್ರಿ ಬಹುಪಾಲು ಸುತ್ತಮುತ್ತಲೇ ಸಿಗುತ್ತಿತ್ತು: ಬೆಣಚುಕಲ್ಲು, ಬಣ್ಣಕ್ಕೆ ಕಲ್ಲುಪುಡಿ, ಮತ್ತು ಸೌಳು. ಸೌಳು ಮಣ್ಣು ನಮ್ಮವರಿಗೆ ಗೊತ್ತು. ಬೇಸಿಗೆಯಲ್ಲಿ ತಗ್ಗಿನ ಹೊಲದ ಮೇಲೆ ಬಿಳಿಯ ಉಪ್ಪು ಅರಳಿದಂತೆ ಕಾಣುತ್ತದಲ್ಲ, ಏನೂ ಬೆಳೆಯುವುದಿಲ್ಲವೆಂದು ನಾವು ಬೈಯುವ ಮಣ್ಣು. ಅದನ್ನೇ ಅವರು ಸಗಣಿ ಕಲಸಿ, ತಟ್ಟಿ ಒಣಗಿಸಿ, ಸುಟ್ಟು ಗಾಜಿಗೆ ಬೇಕಾದ ಕ್ಷಾರ ತೆಗೆಯುತ್ತಿದ್ದರು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ ಬಳೆ. ಕಪ್ಪಿಗೂ ಹಸಿರಿಗೂ ಗಿರಾಕಿ ಹೆಚ್ಚು.

ಮುಂದೆ ರೈಸ್ ಸಾಹೇಬರು ಮೈಸೂರು ಗೆಜೆಟಿಯರ್ ಮಾಡಿದಾಗ ಇದೇ ವರ್ಣನೆಯನ್ನು ಎತ್ತಿ ಹಾಕಿಕೊಂಡರು. ಹೀಗಾಗಿ ಮತ್ತೋಡಿನ ಕುಲುಮೆಯ ಬಗ್ಗೆ ನಾವು ಓದುವುದೆಲ್ಲ ಒಬ್ಬ ಪರದೇಶಿ ಕಂಡದ್ದು. ಆತ ದುಭಾಷಿಗಳನ್ನು ಇಟ್ಟುಕೊಂಡು ಕೇಳಿದ. ಜನ ಒಂದೊಂದು ಸಲ ಒಂದೊಂದು ಹೇಳುತ್ತಾರೆ, ಇಳುವರಿ ಮುಚ್ಚಿಡುತ್ತಾರೆ ಎಂದು ಪುಸ್ತಕದುದ್ದಕ್ಕೂ ಗೊಣಗುತ್ತಾನೆ. ಮುಚ್ಚಿಡದೆ ಏನು ಮಾಡುತ್ತಾರೆ? ಕಂಪನಿಯ ಕಡೆಯವನು ಪಲ್ಲಕ್ಕಿಯಿಂದ ಇಳಿದು, ‘ನಿನಗೆ ಎಷ್ಟು ಖಂಡುಗ ಆಗುತ್ತೆ?’ ಎಂದು ಕೇಳಿದರೆ ನಮ್ಮಜ್ಜಂದಿರು ಕಂದಾಯದ ಲೆಕ್ಕ ಹಾಕಿಯೇ ಉತ್ತರ ಕೊಟ್ಟಿರುತ್ತಾರೆ. ಆದರೂ, ಸುಲಿಗೆಗೆ ಬಂದವನ ಪುಸ್ತಕ ಎಂದು ಬುಕನನ್‌ನನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕುಲುಮೆಯ ಬಾಯಿ ಯಾವ ಕಡೆ ಇತ್ತು ಎಂದು ಬರೆದಿಟ್ಟವನು ಆತನೊಬ್ಬನೇ. ಅದೇ ಸುಮಾರಿಗೆ ನಮ್ಮಲ್ಲೂ ಬರೆಯಬಲ್ಲವರಿದ್ದರು. ಅವರಿಗೆ ಬಳೆ ಮಾಡುವುದು ಬರೆಯುವಂಥ ವಿಷಯ ಎನಿಸಲಿಲ್ಲ.

ಶಾನುಭೋಗರ ಕಡತಗಳಿದ್ದವಲ್ಲ ಎನ್ನಬಹುದು. ಇದ್ದವು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಬಳಪದಲ್ಲಿ ಬರೆದು ಮಡಿಸಿಡುತ್ತಿದ್ದ ಆ ಕಡತಗಳಲ್ಲಿ ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು ಎಂಬುದು ಪೈಸೆ ಬಿಡದೆ ಇದೆ. ಕರ್ನಲ್ ಮೆಕೆಂಜಿಯ ಕಡೆಯವರು ಊರೂರಲ್ಲಿ ಬರೆಸಿಕೊಂಡ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟಿದ್ದಾರೆ. ಊರು ಕಟ್ಟಿದವರು, ಕೆರೆ ಕಟ್ಟಿಸಿದವರು ಅದರಲ್ಲಿ ಬರುತ್ತಾರೆ. ಕೆರೆ ಕಟ್ಟಿಸಿದವನಿಗೂ ಕಟ್ಟಿದವನಿಗೂ ನಡುವೆ ಇರುವುದು ಬರೀ ಒಂದಕ್ಷರವಲ್ಲ ಎಂಬುದು ಇಂಥವನ್ನು ಓದಿದಾಗ ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಚಿತ್ರ ಸ್ವಲ್ಪ ಬದಲಾಗುತ್ತದೆ. ಮೊದಲು ಬಂದದ್ದು ಜಾತಿಗಳ ಸಂಪುಟಗಳು. ಎಚ್.ವಿ. ನಂಜುಂಡಯ್ಯ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು, ಜಾತಿಗಳ ಪುಸ್ತಕ 4 ಸಂಪುಟಗಳದ್ದು. ಉಪಯುಕ್ತವೇನೋ ನಿಜ, ಆದರೆ ಅದರಲ್ಲಿ ಮನುಷ್ಯರನ್ನು ಸಾಲಾಗಿ ನಿಲ್ಲಿಸಿ ಮದುವೆ ಹೇಗೆ, ಸಾವು ಹೇಗೆ, ದೇವರು ಯಾವುದು ಎಂದು ಕೇಳಿ ಮುಂದೆ ಹೋದ ಧಾಟಿ. ಆಮೇಲೆ ನಮ್ಮವರೇ ಹಟ್ಟಿಗಳಲ್ಲಿ ಹೋಗಿ ಕೂತರು. ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳ ಮೇಲೆ ಮಾಡಿದ ಕೆಲಸ, ಕೃಷ್ಣಮೂರ್ತಿ ಹನೂರು ಅವರು ಚಳ್ಳಕೆರೆಯ ಕಡೆ ಮ್ಯಾಸಬೇಡರ ನಡುವೆ, ಸಿರಿಯಜ್ಜಿಯ ಹಾಡುಗಳ ಜೊತೆ ಮಾಡಿದ ಕೆಲಸ ಇವತ್ತಿಗೂ ಓದುವಂಥವು. ಹೊಸದುರ್ಗ, ಹಿರಿಯೂರಿನ ಗೊಲ್ಲರಹಟ್ಟಿಗಳನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದವರಿಗೆ ಜುಂಜಪ್ಪ ಯಾರು, ಎತ್ತಪ್ಪ ಯಾರು, ಬೇಲಿಯ ಮುಳ್ಳು ಯಾಕೆ ಹಾಗೆ ಕಟ್ಟುತ್ತಾರೆ ಎಂಬುದು ಈ ಪುಸ್ತಕಗಳಿಂದಲೇ ತಿಳಿಯಬೇಕು.

ಒಂದು ಆಕ್ಷೇಪವನ್ನೂ ಹೇಳಿಬಿಡುತ್ತೇನೆ. ಜಾನಪದದ ಹೆಸರಿನಲ್ಲಿ ಬರುವ ಎಷ್ಟೋ ಪುಸ್ತಕಗಳು ಹಾಡನ್ನು ಹೊಗಳಿ ಹೊಗಳಿ, ಹಾಡಿದವಳ ಸೊಂಟನೋವನ್ನು ಬಿಟ್ಟುಬಿಡುತ್ತವೆ. ಮುಟ್ಟಾದಾಗ, ಹೆರಿಗೆಯಾದಾಗ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗಿಡುವ ರೂಢಿ ಇದೆ. ಎಳೆಗೂಸನ್ನು ತಬ್ಬಿಕೊಂಡು ಮಳೆಯಲ್ಲಿ ಗುಡಿಸಲಲ್ಲಿ ಮಲಗಿದ ಬಾಣಂತಿಯೂ ಆ ಸಂಸ್ಕೃತಿಯ ವಿವರವೇ. ಹಾಡಿನ ಸಿರಿಯನ್ನು ಬರೆದ ಪುಟದ ಪಕ್ಕದಲ್ಲೇ ಅದೂ ಬರಬೇಕು. ನಮ್ಮ ದಲಿತ ಲೇಖಕರು ಈ ಧೈರ್ಯ ತೋರಿಸಿದರು. ಸಿದ್ದಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬಂದ ಮೇಲೆ ಕನ್ನಡದಲ್ಲಿ ಸಮಾಜದ ಬಗ್ಗೆ ಬರೆಯುವ ರೀತಿಯೇ ಬೇರೆಯಾಯಿತು. ಊರಿನ ನಕ್ಷೆಯನ್ನು ಕೇರಿಯ ಕಡೆಯಿಂದ ಬರೆಯಬಹುದು ಎಂದು ಗೊತ್ತಾಯಿತು. ಸಿದ್ದಲಿಂಗಯ್ಯನವರಂತೂ ನಗಿಸುತ್ತಲೇ ಹೇಳುತ್ತಾರೆ. ಓದಿ ಮುಗಿಸಿದ ಮೇಲೆ, ನಾನು ನಕ್ಕದ್ದು ಯಾವುದಕ್ಕೆ ಎಂದು ಯೋಚಿಸಬೇಕಾಗುತ್ತದೆ.

ಇನ್ನು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ವಿಷಯ. ಇವರದು ಸ್ವಾರಸ್ಯದ ಕಥೆ. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಹೋಗಿ ಉಳಿದರು. ಊರಿನ ಹೆಸರು ಕೊಡಗಹಳ್ಳಿ, ಪುಸ್ತಕದಲ್ಲಿ ಅದು ರಾಂಪುರ. ವರ್ಷಗಟ್ಟಲೆ ಟಿಪ್ಪಣಿಗಳನ್ನು ತಿದ್ದಿ, ವಿಂಗಡಿಸಿ, ಇನ್ನೇನು ಪುಸ್ತಕ ಬರೆಯಬೇಕು ಎಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೂತಿದ್ದಾಗ, 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಆ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ವಿಂಗಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಅಲ್ಲೇ ಇದ್ದವು, ಮೂರೂ ಸುಟ್ಟವು. ಗೆಳೆಯರೊಬ್ಬರು, ನೆನಪಿನಿಂದಲೇ ಬರೆಯಿರಿ ಎಂದರು. ಬರೆದರು. 1976ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ಕೋಷ್ಟಕಗಳು ಕಡಿಮೆ, ಜನ ಹೆಚ್ಚು. ಪಟೇಲರು ಜಗಲಿಯ ಮೇಲೆ ಹೇಗೆ ಕೂರುತ್ತಿದ್ದರು, ಯಾರು ಯಾರ ಎದುರು ಬಾಯಿ ಬಿಡುತ್ತಿದ್ದರು, ಯಾರು ಬಿಡುತ್ತಿರಲಿಲ್ಲ. ಟಿಪ್ಪಣಿ ಉಳಿದಿದ್ದರೆ ಇಷ್ಟು ಒಳ್ಳೆಯ ಪುಸ್ತಕ ಬರುತ್ತಿತ್ತೋ ಇಲ್ಲವೋ ಎಂದು ಎಷ್ಟೋ ಜನಕ್ಕೆ ಅನಿಸಿದೆ, ನನಗೂ. ಆದರೆ ಪುಸ್ತಕ ಇಂಗ್ಲಿಷಿನಲ್ಲಿತ್ತು. ಯಾರ ಜಗಲಿಯ ಮೇಲೆ ಆ ನೆನಪುಗಳು ಹುಟ್ಟಿದವೋ ಅವರಲ್ಲಿ ಹೆಚ್ಚಿನವರು ಅದನ್ನು ಓದುವಂತಿರಲಿಲ್ಲ.

ಕನ್ನಡಕ್ಕೆ ಬಂದು ನಮ್ಮಂಥವರ ಕೈಗೂ ಸಿಕ್ಕ ಪುಸ್ತಕ ಪತ್ರಕರ್ತ ಪಿ. ಸಾಯಿನಾಥರದು. 1996ರಲ್ಲಿ ಇಂಗ್ಲಿಷಿನಲ್ಲಿ ಬಂದದ್ದನ್ನು ಜಿ.ಎನ್. ಮೋಹನ್ ಅವರು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಕನ್ನಡಿಸಿದ್ದಾರೆ. ಬರದ ಜಿಲ್ಲೆಯೆಂದೇ ಹೆಸರಾದ ಚಿತ್ರದುರ್ಗದವರು ಓದಲೇಬೇಕಾದದ್ದು, ಅದರಲ್ಲಿ ಬರುವ ಊರುಗಳು ತಮಿಳುನಾಡು, ಒಡಿಶಾ, ಬಿಹಾರ, ಮಧ್ಯಪ್ರದೇಶದವಾದರೂ. ಅದರಲ್ಲಿ ರಾಮನಾಡಿನ ಒಬ್ಬ ತಾಳೆಮರ ಹತ್ತುವವನು ಬರುತ್ತಾನೆ. ಬಡವ, ಪಾಪ, ಎಂದು ಸಾಯಿನಾಥರು ಬರೆಯುವುದಿಲ್ಲ. ಆತ ದಿನಕ್ಕೆ ಎಷ್ಟು ಮರ, ಒಂದೊಂದನ್ನು ಎಷ್ಟು ಸಲ ಹತ್ತುತ್ತಾನೆ ಎಂದು ಕೂಡಿಸುತ್ತಾರೆ. ದಿನವೊಂದಕ್ಕೆ ಸುಮಾರು 5,000 ಅಡಿ. ಮುಗಿಲು ಮುಟ್ಟುವ ಕಟ್ಟಡವನ್ನು ಮೆಟ್ಟಿಲಿಲ್ಲದೆ ಹತ್ತಿದ ಲೆಕ್ಕ. ಓದಿದ ಮೇಲೆ ಮರುಕದ ಮಾತಿಗೆ ಜಾಗವೇ ಉಳಿಯುವುದಿಲ್ಲ.

ಇದನ್ನು ಓದಿದ ಮೇಲೆ ನಮ್ಮ ಕಡೆಯ ತೆಂಗಿನ ತೋಟದಲ್ಲಿ ನಿಂತಾಗ ನನಗೆ ಬೇರೆಯೇ ಕಾಣತೊಡಗಿತು. ಕಾಯಿ ಕೀಳುವವರನ್ನು ನಾವು ದಿನಾ ನೋಡುತ್ತೇವೆ, ಎಂದೂ ಲೆಕ್ಕ ಹಾಕಿದವರಲ್ಲ. ಕೊಬ್ಬರಿಯ ಕೆಲಸವನ್ನೇ ನೋಡಿ. ತಿಪಟೂರಿನ ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ ಎಷ್ಟು ಎಂಬುದು ಪತ್ರಿಕೆಯಲ್ಲಿ ಬರುತ್ತದೆ, ಈ ಆಕಾಶವಾಣಿಯಲ್ಲೂ ಬರುತ್ತದೆ. ಅದಕ್ಕೆ ಹಿಂದಿನದು ಬರುವುದಿಲ್ಲ. ಕಿತ್ತ ಬಲಿತ ಕಾಯನ್ನು ಅಟ್ಟಕ್ಕೆ ಹಾಕುತ್ತಾರೆ. ಅಲ್ಲಿ ಅದು ಹತ್ತು ಹನ್ನೊಂದು ತಿಂಗಳು ಕೂರಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಚಿಪ್ಪು ಬಿಡಬೇಕು. ಅವಸರ ಮಾಡಿದರೆ ಕೌಟು ಹಿಡಿಯುತ್ತದೆ. ಆಯಿತೋ ಇಲ್ಲವೋ ಎಂದು ಯಾವ ಯಂತ್ರವೂ ಹೇಳುವುದಿಲ್ಲ. ಅಟ್ಟ ಹತ್ತಿದವರು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ.

‘ಏನಜ್ಜ, ಇಳಿಸೋಣ?’ ಎಂದು ಕೆಳಗಿನಿಂದ ಹುಡುಗರು.

‘ತಡಿಯಪ್ಪ, ಇನ್ನೂ ನೀರಾಡ್ತೈತೆ. ಹಬ್ಬ ಕಳೀಲಿ.’

ಗುಂಡಾದ ಕೊಬ್ಬರಿ ಒಳಗೆ ಲೊಟಲೊಟ ಉರುಳಿದಾಗಲೇ ಇಳಿಸುವುದು. ಆಮೇಲೆ ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕುಕ್ಕಿ ಮಟ್ಟೆ ಸುಲಿಯುವುದು. ಅದು ಗಂಡಾಳಿನ ಕೆಲಸ, ಎಣಿಕೆಯ ಮೇಲೆ ಕೂಲಿ. ಚಿಪ್ಪು ಒಡೆದು ಕೊಬ್ಬರಿ ಬಿಡಿಸುವುದು ಹೆಣ್ಣಾಳುಗಳದು. ಮಚ್ಚಿನ ಹಿಂಬದಿಯಿಂದ ಸುತ್ತ ಸುತ್ತ ತಟ್ಟುತ್ತಾರೆ, ಚಿಪ್ಪು ಹೋಳಾಗಬೇಕು, ಕೊಬ್ಬರಿಗೆ ಗೀರು ಬೀಳಬಾರದು. ಗೀರು ಬಿದ್ದರೆ, ಚೂರಾದರೆ ಬೆಲೆ ಬೇರೆ. ಒಂದೇ ಏಟು ಹೆಚ್ಚಾದರೂ ಹನ್ನೊಂದು ತಿಂಗಳ ಕಾಯುವಿಕೆ ಹಾಳು. ಆ ಏಟಿನ ಹದ ಆ ತಾಯಂದಿರ ಮಣಿಕಟ್ಟಿನಲ್ಲಿದೆ, ಯಾವ ಕೃಷಿ ಕೈಪಿಡಿಯಲ್ಲೂ ನಾನು ಅದನ್ನು ನೋಡಿಲ್ಲ. ಸುಲಿದ ಮಟ್ಟೆ ನಾರಿಗೆ ಹೋಗುತ್ತದೆ, ಚಿಪ್ಪು ಇದ್ದಿಲಿಗೆ, ಕೊಬ್ಬರಿ ತಿಪಟೂರಿಗೆ, ಅಲ್ಲಿಂದ ದಿಲ್ಲಿಯ ಕಡೆಗೆ. ಒಂದು ಅಟ್ಟದಿಂದ ಇಷ್ಟು ದಾರಿಗಳು ಹೊರಡುತ್ತವೆ. ನಾನು ಕೇಳುತ್ತಿರುವ ಪುಸ್ತಕ ಇದು. ತೆಂಗಿನ ತಳಿ, ರೋಗ, ಗೊಬ್ಬರ ಇವುಗಳ ಮೇಲೆ ಬೇಕಾದಷ್ಟಿವೆ, ಕೊಬ್ಬರಿ ಒಡೆಯುವವರ ಮೇಲೆ ಒಂದಿದ್ದರೆ ದಯವಿಟ್ಟು ತಿಳಿಸಿ.

ಇಂಥ ಪುಸ್ತಕ ಬರೆಯಲು ಪಂಡಿತರೇ ಆಗಬೇಕೆಂದಿಲ್ಲ. ಅಮೆರಿಕದ ಶಿಕಾಗೋದಲ್ಲಿ ಸ್ಟಡ್ಸ್ ಟರ್ಕೆಲ್ ಎಂಬುವರಿದ್ದರು. ನಮ್ಮ ಹಾಗೆಯೇ ಬಾನುಲಿಯವರು, ದಶಕಗಟ್ಟಲೆ ಅಲ್ಲಿನ ರೇಡಿಯೋದಲ್ಲಿ ಜನರನ್ನು ಮಾತಾಡಿಸಿದವರು. ಟೇಪ್ ರೆಕಾರ್ಡರ್ ಹಿಡಿದುಕೊಂಡು ಕಲ್ಲುಕೆಲಸದವನು, ಹೋಟೆಲಿನಲ್ಲಿ ಬಡಿಸುವ ಹೆಣ್ಣುಮಗಳು, ಟೆಲಿಫೋನ್ ಆಪರೇಟರ್, ಸಮಾಧಿ ತೋಡುವವನು, ಹೀಗೆ ನೂರಕ್ಕೂ ಮಿಕ್ಕಿ ಜನರ ಹತ್ತಿರ ಹೋಗಿ, ‘ದಿನವೆಲ್ಲ ಏನು ಮಾಡುತ್ತೀರಿ, ಅದು ನಿಮಗೆ ಹೇಗನಿಸುತ್ತದೆ?’ ಎಂದಷ್ಟೇ ಕೇಳಿದರು. 1974ರಲ್ಲಿ ಬಂದ ಆ ಪುಸ್ತಕದ ಹೆಸರು ‘ವರ್ಕಿಂಗ್’. ಟರ್ಕೆಲ್ ತಾವು ಮಾತಾಡುವುದು ಬಹಳ ಕಡಿಮೆ. ನಮ್ಮಲ್ಲಿ ಸಂದರ್ಶನ ಮಾಡುವವರು, ನನ್ನನ್ನೂ ಸೇರಿಸಿ, ಪ್ರಶ್ನೆಯನ್ನೇ ಐದು ನಿಮಿಷ ಕೇಳುತ್ತೇವೆ. ನಮ್ಮ ಆಕಾಶವಾಣಿ ಕೇಂದ್ರಗಳ ಕೃಷಿ ಕಾರ್ಯಕ್ರಮಗಳಲ್ಲಿ ಎಷ್ಟು ರೈತರು, ಎಷ್ಟು ಕುರಿಗಾಹಿಗಳು ಮಾತಾಡಿ ಹೋಗಿದ್ದಾರೋ! ಆ ದನಿಗಳನ್ನು ಕಾಗದಕ್ಕೆ ಇಳಿಸಿದರೆ ಒಂದು ಕಪಾಟು ತುಂಬುತ್ತದೆ.

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರು ತಿರುಕ ಎಂಬ ಹೆಸರಿನಲ್ಲಿ ಬರೆದ ‘ಜೋಳಿಗೆಯ ಪವಾಡ’ವನ್ನೂ ನಾನು ಈ ಸಾಲಿಗೆ ಸೇರಿಸುತ್ತೇನೆ. ಭಕ್ತರು ಅದನ್ನು ಸ್ವಾಮಿಗಳ ಚರಿತ್ರೆ ಎಂದು ಓದುತ್ತಾರೆ. ಒಂದು ಹಳ್ಳಿಯಲ್ಲಿ ಬೇಡಿ ತಂದ ದುಡ್ಡಿನಿಂದ ಶಾಲೆ, ಆಸ್ಪತ್ರೆ, ಆಶ್ರಮ ಎಬ್ಬಿಸುವ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಲೂ ಅದನ್ನು ಓದಬಹುದು.

ಕೊನೆಗೆ, ಇನ್ನೂ ಯಾರೂ ಬರೆಯದಿರುವ ಒಂದು ಪುಸ್ತಕದ ವಿಷಯ. ಮಾಡದಕೆರೆಯ ಕಡೆಯವರಿಗೆ ಮಾರಿಕಣಿವೆ ದೂರದ್ದಲ್ಲ. ಅಲ್ಲಿ, ಹಿರಿಯೂರು ತಾಲ್ಲೂಕಿನಲ್ಲಿ, ವೇದಾವತಿಗೆ ಅಡ್ಡವಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ವಾಣಿ ವಿಲಾಸ ಸಾಗರದ ಹಿನ್ನೀರು ನಮ್ಮ ಹೊಸದುರ್ಗ ತಾಲ್ಲೂಕಿಗೇ ಚಾಚುತ್ತದೆ. ರೀಜೆಂಟ್ ಮಹಾರಾಣಿಯವರ ಹೆಸರು ಆ ಅಣೆಕಟ್ಟೆಗಿದೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯನ್ನು ಪಾಠದಲ್ಲಿ ಓದಿದ್ದೇವೆ. ಸಿಮೆಂಟಿಲ್ಲದ ಕಾಲ. ಸುಣ್ಣ ಸುಟ್ಟು, ಇಟ್ಟಿಗೆ ಕುಟ್ಟಿ ಸುರ್ಕಿ ಮಾಡಿ, ಗಾರೆ ಅರೆದು, ಕಲ್ಲು ಕೂಡಿಸಿದ ಕಟ್ಟೆ. ಅದೇ ವರ್ಷಗಳಲ್ಲಿ ಸಂಸ್ಥಾನಕ್ಕೆ ಪ್ಲೇಗು ಬಂತು. ಇಟ್ಟಿಗೆ ಕುಟ್ಟಿದ ಕೈಗಳು ಯಾವ ಊರಿನವು? ಗುಡಿಸಲು ಎಲ್ಲಿ ಹಾಕಿದ್ದರು? ಗಂಡಾಳಿಗೆಷ್ಟು, ಹೆಣ್ಣಾಳಿಗೆಷ್ಟು? ಮುಳುಗಿದ ಹೊಲಗಳವರು ಎದ್ದು ಎಲ್ಲಿಗೆ ಹೋದರು?

ಕಟ್ಟೆ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬಿದ್ದದ್ದು 89 ವರ್ಷ ಕಳೆದು, 2022ರ ಸೆಪ್ಟೆಂಬರಿನಲ್ಲಿ. ಜಾತ್ರೆಯಂತೆ ಜನ ನೋಡಲು ಹೋದರು, ಬಾಗಿನ ಅರ್ಪಿಸಿದರು, ಪತ್ರಿಕೆಗಳು ಬಣ್ಣದ ಚಿತ್ರ ಹಾಕಿದವು. 2025ರ ಜನವರಿಯಲ್ಲಿ ಇನ್ನೊಮ್ಮೆ ಬಿತ್ತು. ಕೋಡಿಯ ಕಡೆ ಹಬ್ಬವಾಗುತ್ತಿದ್ದಾಗ ಹಿನ್ನೀರಿನ ಕಡೆ, ನಮ್ಮ ತಾಲ್ಲೂಕಿನಲ್ಲಿ, ತೋಟಗಳಿಗೆ ನೀರು ನುಗ್ಗಿತ್ತು. ಒಂದು ತಲೆಮಾರಿಗೇ ಕಟ್ಟೆ ತುಂಬುವುದೆಂದರೇನೆಂದು ಗೊತ್ತಿರಲಿಲ್ಲ. ನೀರು ಬರುವುದಿಲ್ಲವೆಂದು ನಂಬಿ ತೆಂಗು, ಅಡಿಕೆ ಇಟ್ಟಿದ್ದರು. ಒಂದೇ ನೀರು ಹಿರಿಯೂರಿಗೆ ಸಂಭ್ರಮ, ಈಚೆ ಕಡೆಯವರಿಗೆ ಪರಿಹಾರದ ಅರ್ಜಿ. ಇದನ್ನು ಕಂಡವರೆಲ್ಲ ಇನ್ನೂ ನಮ್ಮ ನಡುವೆ ಇದ್ದಾರೆ. 1933ರ ಕೋಡಿಯನ್ನು ಕಂಡವರನ್ನು ಕೇಳೋಣವೆಂದರೆ ತಡವಾಯಿತು.

ಈಗ ಪಂಚಾಯಿತಿಗಳಲ್ಲಿ ಅರಿವು ಕೇಂದ್ರವೆಂದು ಗ್ರಂಥಾಲಯಗಳಾಗಿವೆ, ಕಾಲೇಜಿನ ಹುಡುಗ ಹುಡುಗಿಯರ ಕೈಯಲ್ಲಿ ದನಿ ಹಿಡಿಯುವ ಫೋನುಗಳಿವೆ. ರಜದಲ್ಲಿ ಊರಿಗೆ ಬಂದಾಗ ಕೆಲಸ ಹುಡುಕಿಕೊಂಡು ಹೋಗಬೇಕಿಲ್ಲ. ಹಿನ್ನೀರಿನಂಚಿನ ಯಾವ ಮನೆಗಾದರೂ ಹೋಗಿ ಕೂರಿ. ‘ಆಗಿನ ಕಾಲ ಹೇಗಿತ್ತು ಅಜ್ಜಿ?’ ಎಂದು ಮಾತ್ರ ಕೇಳಬೇಡಿ, ‘ಚೆನ್ನಾಗಿತ್ತು ಕಣಪ್ಪ’ ಎಂದು ಮುಗಿಸಿಬಿಡುತ್ತಾರೆ. ನೀರು ಬಂದ ರಾತ್ರಿ ಮೊದಲು ಯಾವ ಸಾಮಾನು ಎತ್ತಿಟ್ಟಿರಿ, ದನಗಳನ್ನು ಯಾರ ಹೊಲಕ್ಕೆ ಹೊಡೆದಿರಿ, ಮುಳುಗಿದ ಮರಗಳು ಎಷ್ಟು, ಪರಿಹಾರದ ಪಟ್ಟಿಯಲ್ಲಿ ಬರೆದುಕೊಂಡದ್ದು ಎಷ್ಟು ಎಂದು ಕೇಳಿ. ಅಟ್ಟದ ಮೇಲಿನ ಕೊಬ್ಬರಿ ಉಳಿಯಿತಾ ಎಂದೂ ಕೇಳಿ.